ಅಪ್‌ಡೇಟ್: ಜರ್ಮನಿಯಲ್ಲಿ ಅರಣ್ಯ ನಿರ್ವಹಣೆ ಕಲಿಯುವ ಬಗ್ಗೆ ಕೇಳಿದ್ದೆ

ಶಿರಸಿಯಲ್ಲಿ ಬಿ.ಎಸ್ಸಿ. ಫಾರೆಸ್ಟ್ರಿ ಮುಗಿಸಿ ಉಡುಪಿಯಲ್ಲಿ ಕೂತಿದ್ದೇನೆ, ಜರ್ಮನಿಯಲ್ಲಿ ಕಾಡಿನ ಕೆಲಸ ಸಿಗಬಹುದಾ ಎಂದು ಹಿಂದೆ ಕೇಳಿದ್ದೆ. ಈಗ ಚಿತ್ರ ಸ್ವಲ್ಪ ಸ್ಪಷ್ಟವಾಗಿದೆ.

ನನ್ನ ದೊಡ್ಡ ತಪ್ಪು ಎರಡು ಹುದ್ದೆಗಳನ್ನು ಒಂದೇ ಅಂದುಕೊಂಡದ್ದು. ಫೋರ್ಸ್ಟ್‌ವಿರ್ಟ್ ಎಂದರೆ ಕಾಡಿನಲ್ಲಿ ಕೈಯಾರೆ ದುಡಿಯುವವನು. ಮರ ಕಡಿಯುವುದು, ಸಸಿ ನೆಡುವುದು, ಬೇಲಿ ಹಾಕುವುದು ಅವನ ಕೆಲಸ. ಅದಕ್ಕೆ 3 ವರ್ಷದ ತರಬೇತಿ, ಜೊತೆಗೆ ಭತ್ಯೆ. ಫೋರ್ಸ್ಟರ್ ಎಂದರೆ ಕಾಡನ್ನು ನಿರ್ವಹಿಸುವವನು, ಅವನಿಗೆ ಪದವಿ ಬೇಕು. ಮಂಗಳೂರಿನ ಏಜೆಂಟ್ ಒಬ್ಬರು ಮೊದಲನೆಯದನ್ನೇ ‘ಫಾರೆಸ್ಟ್ ಆಫೀಸರ್’ ಎಂದು ಹೇಳಿ ದುಡ್ಡು ಕೇಳಿದ್ದರು. ಕೊಡಲಿಲ್ಲ, ಪುಣ್ಯ! ಅಮ್ಮನ ಪ್ರಶ್ನೆ ಬೇರೆಯೇ: “ಮರ ಕಡಿಯಲು ಅಷ್ಟು ದೂರ ಹೋಗ್ಬೇಕಾ?”

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಅಲ್ಲಿ ಸರ್ಕಾರಿ ಅಧಿಕಾರಿಯ ಕಾಯಂ ದರ್ಜೆ ಸಾಮಾನ್ಯವಾಗಿ ಜರ್ಮನಿ ಅಥವಾ ಯುರೋಪಿಯನ್ ಒಕ್ಕೂಟದ ಪೌರರಿಗೇ. ನಮ್ಮಂಥವರಿಗೆ ಉಳಿಯುವುದು ಹೆಚ್ಚಾಗಿ ಗುತ್ತಿಗೆ ನೌಕರಿ, ಖಾಸಗಿ ಕಾಡು, ಸಂಶೋಧನೆ.

ಹಾಗಾಗಿ ಸ್ನಾತಕೋತ್ತರಕ್ಕೇ ಅರ್ಜಿ ಹಾಕುತ್ತಿದ್ದೇನೆ. ಗ್ಯೋಟಿಂಗೆನ್‌ನಲ್ಲೂ ಡ್ರೆಸ್ಡೆನ್ ಬಳಿಯ ಥಾರಾಂಟ್‌ನಲ್ಲೂ ಉಷ್ಣವಲಯದ ಅರಣ್ಯದ ಬಗ್ಗೆ ಇಂಗ್ಲಿಷ್‌ನಲ್ಲೇ ಕೋರ್ಸ್ ಇದೆ. ಆಗುಂಬೆ, ಸೋಮೇಶ್ವರದ ಕಾಡು ನೋಡಿ ಬೆಳೆದವನಿಗೆ ಅದು ಜಾಸ್ತಿ ಹೊಂದುತ್ತದೆ, ಅಲ್ವಾ? ಆದರೂ ಮಣಿಪಾಲದಲ್ಲಿ ಜರ್ಮನ್ ಕ್ಲಾಸ್ ಬಿಟ್ಟಿಲ್ಲ. ಕಾಡಿನ ಕೂಲಿಯವರ ಜೊತೆ ಇಂಗ್ಲಿಷ್ ನಡೆಯುವುದಿಲ್ಲ.

ಸದ್ಯ ತಲೆನೋವು ಬ್ಲಾಕ್ಡ್ ಅಕೌಂಟ್, ಅಂದರೆ ಅಲ್ಲಿನ ಖರ್ಚಿಗೆ ಮೊದಲೇ ಹಣ ಇಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. ವೀಸಾಗೆ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅಪ್ಪ ನಾಳೆ ಬ್ಯಾಂಕಿಗೆ ಬರುತ್ತಾರಂತೆ.