ರಣಹದ್ದಿನ ಬೋಳುತಲೆ: ‘ಹೊಂದಾಣಿಕೆ’ಯೋ, ‘ಹೊಂದಿಕೆ’ಯೋ?

ಜೀವವಿಕಾಸದ ಬರಹಗಳಲ್ಲಿ ಇಂಗ್ಲಿಷಿನ ‘ಅಡಾಪ್ಟೇಶನ್’ಗೆ ‘ಹೊಂದಾಣಿಕೆ’ ಎಂಬ ಪದ ಬಳಕೆಯಾಗುತ್ತಿರುವ ರೀತಿಯ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು, ಸತ್ತ ದನದ ಹೊಟ್ಟೆಯೊಳಕ್ಕೆ ಕತ್ತು ತೂರಿಸಿ ತಿನ್ನುತ್ತದೆ. ತಲೆ ಕತ್ತುಗಳ ಮೇಲೆ ದಟ್ಟವಾದ ಗರಿಗಳಿಲ್ಲದ ಕಾರಣ ರಕ್ತ, ಮಾಂಸದ ಚೂರುಗಳು ಅಲ್ಲಿ ಅಂಟಿ ಉಳಿಯುವುದು ಕಡಿಮೆ. ಜಠರದ ಪ್ರಬಲ ಆಮ್ಲವು ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಇಷ್ಟನ್ನು ವಿವರಿಸಿ, ‘ರಣಹದ್ದು ತನ್ನ ಆಹಾರಕ್ಕೆ ಹೊಂದಾಣಿಕೆ ಮಾಡಿಕೊಂಡಿದೆ’ ಎಂದು ಮುಗಿಸುವುದು ರೂಢಿ.

ಆದರೆ ನಮ್ಮ ಮಾತಿನಲ್ಲಿ ಹೊಂದಾಣಿಕೆ ಮಾಡಿಕೊಳ್ಳುವವರು ಅತ್ತೆ ಸೊಸೆಯರು, ವ್ಯಾಪಾರದ ಪಾಲುದಾರರು, ಚುನಾವಣೆಗೆ ನಿಂತ ಪಕ್ಷಗಳು. ಅಂದರೆ ತಿಳಿದೂ ತಿಳಿದೂ, ತಮ್ಮ ಕಾಲದಲ್ಲಿಯೇ ಒಂದಿಷ್ಟು ಬಿಟ್ಟುಕೊಟ್ಟು ನಡೆಯುವವರು. ಯಾವ ಹಕ್ಕಿಯೂ ಗರಿ ಬೇಡವೆಂದು ತೀರ್ಮಾನಿಸಲಿಲ್ಲ. ಹುಟ್ಟಿನಿಂದಲೇ ಇದ್ದ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಉಪಯುಕ್ತವಾದವು ಅಸಂಖ್ಯ ತಲೆಮಾರುಗಳಲ್ಲಿ ಉಳಿದು ಬಂದವು, ಅಷ್ಟೆ. (ಬೋಳು ಚರ್ಮ ಮೈಯ ಶಾಖವನ್ನು ಹತೋಟಿಯಲ್ಲಿಡಲೂ ನೆರವಾಗುತ್ತದೆ, ಆದ್ದರಿಂದ ಅದರ ಉಪಯೋಗ ರಕ್ತ, ಮಾಂಸ ಅಂಟದಂತೆ ಮಾಡುವುದೊಂದೇ ಎನ್ನುವುದೂ ಸರಿಯಲ್ಲ.)

ಈ ತೊಡಕು ಬರೀ ವ್ಯಾಕರಣದ್ದಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಹಾಳುಮಾಡಿತು. 1990ರ ದಶಕದಿಂದ ಭಾರತದ ಮೂರು ರಣಹದ್ದು ಪ್ರಭೇದಗಳು ಶೇ 95ಕ್ಕೂ ಹೆಚ್ಚು ಕುಸಿದವು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಬಂತು. ಇದನ್ನು ‘ಹದ್ದುಗಳು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲಿಲ್ಲ’ ಎಂದು ಬರೆದರೆ, ಅದು ಔಷಧಿ ಕೊಟ್ಟವರ ತಪ್ಪಾಗದೆ ಹಕ್ಕಿಯ ತಪ್ಪಾಗಿಬಿಡುತ್ತದೆ. ಊರಿನ ಸತ್ತ ದನಗಳನ್ನು ತಿಂದು ಮುಗಿಸಿ ನೆಲ, ನೀರನ್ನು ಕಾಯುತ್ತಿದ್ದ ಜೀವಿಗೆ ಇದು ಅನ್ಯಾಯ ಎಂದು ನನ್ನ ದೃಢವಾದ ಅಭಿಪ್ರಾಯ.

ಒಂದೇ ಜೀವಿತದೊಳಗಿನ ಬದಲಾವಣೆಗೆ ‘ಒಗ್ಗಿಕೊಳ್ಳುವುದು’ ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ. ಊರಿನ ನೀರು ಒಗ್ಗಿತು ಎನ್ನುತ್ತೇವೆ. ತಲೆಮಾರುಗಳಲ್ಲಿ ನೆಲೆಗೊಂಡ ಗುಣಕ್ಕೆ ‘ಹೊಂದಿಕೆ’ ಎನ್ನಬಹುದೆಂದು ನನಗೆ ತೋರುತ್ತದೆ, ಏಕೆಂದರೆ ರವಿಕೆಗೂ ಸೀರೆಗೂ ಹೊಂದಿಕೆಯಿದೆ ಎಂದಾಗ ಅವೆರಡೂ ಏನನ್ನೂ ಮಾಡಿರುವುದಿಲ್ಲ. ಇದೇ ಅರ್ಥಕ್ಕೆ ‘ಮಾರ್ಪಾಟು’ ಎಂದರೆ ಅದರಲ್ಲಿಯೂ ಮಾಡಿದವರೊಬ್ಬರು ಇಣುಕುತ್ತಾರೆ. ‘ಅನುಕೂಲನ’ ಮಕ್ಕಳ ಕಿವಿಗೆ ದೂರ.

‘ಹೊಂದಿಕೆ’ಯನ್ನು ಈ ಅರ್ಥದಲ್ಲಿ ಯಾರಾದರೂ ಈಗಾಗಲೇ ಪಾಠದಲ್ಲಿ ಬಳಸಿದ್ದೀರಾ? ಉತ್ತರ ಕರ್ನಾಟಕದಲ್ಲಾಗಲೀ ಕರಾವಳಿಯಲ್ಲಾಗಲೀ ಅದಕ್ಕೆ ಬೇರೆ ಅರ್ಥಛಾಯೆ ಇದ್ದರೆ ದಯವಿಟ್ಟು ತಿಳಿಸಬೇಕು.