‘ನಮ್ಮನೆ ಮಂದಿ’ ಗ್ರೂಪಿನಲ್ಲಿ ಭಾನುವಾರದ ಜಟಾಪಟಿ

(ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ.)

ದೊಡ್ಡಪ್ಪ: (ಫಾರ್ವರ್ಡ್ ಫೋಟೊ) ಅಮೆರಿಕದಲ್ಲೂ ವಿದ್ಯಾರ್ಥಿಗಳ ಮೇಲೆ ಪೆಪ್ಪರ್ ಸ್ಪ್ರೇ!! ಸಾಂತಾ ಮೋನಿಕಾ ಕಾಲೇಜು. ಏನಮ್ಮಾ, ನಿಮ್ಮ ಕಡೆ ಗಲಾಟೆಯಂತೆ?

ಫ್ರೀಮಾಂಟ್ ಅತ್ತಿಗೆ: ಮಾವ, ಅದು 2012ರ ಏಪ್ರಿಲ್‌ದು. ಊರೂ ನಮ್ಮ ಫ್ರೀಮಾಂಟ್ ಅಲ್ಲ, ಕ್ಯಾಲಿಫೋರ್ನಿಯಾದಲ್ಲೇ ಲಾಸ್ ಏಂಜಲೀಸ್ ಹತ್ತಿರ. ಅದು ಕಮ್ಯುನಿಟಿ ಕಾಲೇಜು, ಅಂದ್ರೆ ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜು.

ಚಿಕ್ಕಪ್ಪ: ಹಳೇದಾದ್ರೇನು. ಆಗ ಫೀಸು ಯೂನಿಟ್‌ಗೆ, ಅಂದ್ರೆ ಒಂದು ಕ್ರೆಡಿಟ್‌ಗೆ, 36 ಡಾಲರ್. ಅದನ್ನ 46 ಮಾಡಿದ್ದಕ್ಕೆ ಇಷ್ಟು ರಂಪ. ಪುಕ್ಕಟೆ ರುಚಿ ಹತ್ತಿದೋರು.

ಫ್ರೀಮಾಂಟ್ ಅತ್ತಿಗೆ: ರಂಪ ಅದಕ್ಕಲ್ಲ ಚಿಕ್ಕಮಾವ. ರಾಜ್ಯ ಕೊಡೋ ದುಡ್ಡು ಕಡಿಮೆಯಾಗಿ ಕ್ಲಾಸುಗಳನ್ನೇ ತೆಗೆದಿದ್ರು. ಆಮೇಲೆ, ಬೇಸಿಗೇಲಿ ಬೇಕಿದ್ರೆ ಹೆಚ್ಚುವರಿ ಕ್ಲಾಸು ಇಡ್ತೀವಿ, ಆದ್ರೆ ಯೂನಿಟ್‌ಗೆ 180 ಡಾಲರ್ ಆಸುಪಾಸು ಅಂದ್ರು. ಟ್ರಸ್ಟಿಗಳ ಸಭೆಗೆ ಹುಡುಗ್ರು ನುಗ್ಗಿದ್ದು ಆಗ.

ತಂಗಿ: ಸರ್ಕಾರಿ ಕಾಲೇಜಲ್ಲೇ ಪೇಮೆಂಟ್ ಸೀಟು! 😀

ಚಿಕ್ಕಪ್ಪ: ತಪ್ಪೇನು? ಇರೋರು ಕೊಟ್ಟು ಓದ್ಲಿ, ಉಳಿದೋರ ಸಾಲು ಅಷ್ಟು ಕರಗುತ್ತೆ. ತಿರುಪತೀಲಿ 300 ರೂಪಾಯಿ ಟಿಕೆಟ್ ತಗೊಂಡಾಗ ನೀವ್ಯಾರೂ ಸಮಾನತೆ ಮಾತಾಡ್ಲಿಲ್ಲ.

ಫ್ರೀಮಾಂಟ್ ಅತ್ತಿಗೆ: ತಿರುಪತೀಲಿ ಉದ್ದ ಸಾಲಿನವರಿಗೂ ರಾತ್ರಿಗಾದ್ರೂ ದರ್ಶನ ಆಗುತ್ತೆ. ನಾನು ನಿಂತ ಸಾಲಲ್ಲಿ ಬಾಗಿಲೇ ಮುಚ್ಚಿತ್ತು. 2011, ನರ್ಸಿಂಗ್‌ಗೆ ಸೇರೋಕೆ ಮೊದಲು ಅನಾಟಮಿ ಮುಗಿಸಬೇಕು. ಹೊಸಬರಿಗೆ ರಿಜಿಸ್ಟ್ರೇಶನ್ ಸರದಿ ಕೊನೇಲಿ, ಅಷ್ಟೊತ್ತಿಗೆ ಸೀಟೆಲ್ಲ ಭರ್ತಿ. ವೇಟ್‌ಲಿಸ್ಟಲ್ಲಿದ್ದವರೆಲ್ಲ ಮೊದಲ ದಿನ ಹೋಗಿ ಲ್ಯಾಬಿನ ಗೋಡೆಗೆ ಒರಗಿ ನಿಂತ್ವಿ. ಮೇಷ್ಟ್ರು ಪಾಪ, ಕೊನೆಗೆ ತೆರವಾದ ಎರಡು ಸೀಟಿಗೆ ಚೀಟಿ ಎತ್ತಿದ್ರು.

ನಾನು: ಮೇಷ್ಟ್ರುಗಳ ಗತಿ?

ಫ್ರೀಮಾಂಟ್ ಅತ್ತಿಗೆ: ಪಾರ್ಟ್ ಟೈಮಿನವರ ಕ್ಲಾಸೇ ಮೊದಲು ಹೋಗೋದು. ಎರಡು ಮೂರು ಕಾಲೇಜಿಗೆ ಕಾರು ಓಡಿಸ್ಕೊಂಡು ಪಾಠ ಮಾಡ್ತಾರೆ. ಫ್ರೀವೇ ಫ್ಲೈಯರ್ ಅಂತಾರೆ ಅವರನ್ನ.

ನಾನು: ನಮಗೆ ಅತಿಥಿ ಉಪನ್ಯಾಸಕ ಅಂತ ಮರ್ಯಾದೆಯ ಹೆಸರಿದೆ. ಅತಿಥಿ ಅಂದ್ಮೇಲೆ ಎದ್ದು ಹೋಗಲೇಬೇಕಲ್ಲ. ಈ ವರ್ಷದ ಆರ್ಡರ್ ಇನ್ನೂ ಬಂದಿಲ್ಲ.

ಚಿಕ್ಕಪ್ಪ: ಎಲ್ಲಾ ಸರಿ. ದುಡ್ಡು ಎಲ್ಲಿಂದ ತರ್ತಾರೆ ಹೇಳಿ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕವೇ ಮುಗ್ಗರಿಸಿತ್ತು.

ಫ್ರೀಮಾಂಟ್ ಅತ್ತಿಗೆ: ಕೆಲಸ ಹೋದಾಗಲೇ ಜನ ಇಂಥ ಕಾಲೇಜಿಗೆ ಬರೋದು. ಅದೇ ಹೊತ್ತಿಗೆ ಕ್ಲಾಸು ಕಡಿತ. ನಾಲ್ಕು ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಈ ಕಾಲೇಜುಗಳಲ್ಲಿ ಸುಮಾರು 5 ಲಕ್ಷ ವಿದ್ಯಾರ್ಥಿಗಳು ಕಡಿಮೆಯಾದ್ರು. ಕೊನೆಗೆ 2012ರ ನವೆಂಬರಲ್ಲಿ ಜನರೇ ಓಟು ಹಾಕಿ ತೆರಿಗೆ ಏರಿಸ್ಕೊಂಡ್ರು. ಮಾರಾಟ ತೆರಿಗೆ ಕಾಲು ಪರ್ಸೆಂಟ್, ಜಾಸ್ತಿ ದುಡಿಯೋರ ಮೇಲೆ ಇನ್ನಷ್ಟು. ಪ್ರೊಪೊಸಿಷನ್ 30 ಅಂತ.

ಚಿಕ್ಕಪ್ಪ: ತಿರುಗಾ ಮುರುಗಾ ನನ್ನಂಥವನ ಜೇಬಿಗೇ ಬಂತು ನೋಡಿ.

ತಂಗಿ: ನೀವು ಹನುಮಂತನಗರದಲ್ಲಿದ್ದೀರಿ ಚಿಕ್ಕಪ್ಪ.

ದೊಡ್ಡಪ್ಪ: ನಾನು ಫೋಟೊ ಹಾಕಿದ್ದು ಪೊಲೀಸರ ವಿಚಾರಕ್ಕೆ.

ದೊಡ್ಡಮ್ಮ: ಅದಿರ್ಲಿ. ಚೀಟೀಲಿ ನಿನ್ನ ಹೆಸರು ಬಂತಾ?

ಫ್ರೀಮಾಂಟ್ ಅತ್ತಿಗೆ: ಇಲ್ಲ ಅತ್ತೆ. ಮೂರನೇ ಸೆಮಿಸ್ಟರಿಗೆ ಸಿಕ್ತು. ಆಗ ಚಿನ್ನು ಏಳು ತಿಂಗಳು ಹೊಟ್ಟೇಲಿ. ಬಿಟ್ಬಿಟ್ಟೆ.

ದೊಡ್ಡಮ್ಮ: ಅಯ್ಯೋ. ಓದು ಮುಗಿಸಿದ್ದೀಯ ಅಂತ ಊರಿಗೆಲ್ಲ ಹೇಳಿದ್ನಲ್ಲೇ.