ಕ್ಯಾಟಾನ್‌ಎಚ್ ಉತ್ತರ 6 ಮೆಗಾಹರ್ಟ್ಸ್‌ಗೆ ಮೈನಸ್ ಬರ್ತಿದೆ, ಯಾಕೆ?

ಉಣಕಲ್ ಹುಡುಗ:
ನಮಸ್ಕಾರ ರೀ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟ್‌ಗೆ 10 ಮೀಟರ್ ಆರ್‌ಜಿ-58 (ರೇಡಿಯೋ ಸಿಗ್ನಲ್‌ಗೆ ಬಳಸುವ ಕೋಆಕ್ಸಿಯಲ್) ಕೇಬಲ್ ಅಳೆಯುತ್ತಿದ್ದೇನೆ. ಆಚೆ ತುದಿ ಒಮ್ಮೆ ಶಾರ್ಟ್ ಮಾಡಿ, ಒಮ್ಮೆ ಓಪನ್ ಬಿಟ್ಟು ಇಂಪಿಡೆನ್ಸ್ ತಗೊಂಡೆ. ಶಾರ್ಟ್‌ನದ್ದನ್ನು ಓಪನ್‌ನದ್ದರಿಂದ ಭಾಗಿಸಿ, ವರ್ಗಮೂಲ ತೆಗೆದು, ಸಿ ಪ್ರೋಗ್ರಾಂನಲ್ಲಿ ಕ್ಯಾಟಾನ್‌ಎಚ್‌ಗೆ (catanh, ಸಂಕೀರ್ಣ ಸಂಖ್ಯೆಗಳಿಗೆ ಟ್ಯಾನ್‌ಎಚ್ ಅಂದರೆ ಹೈಪರ್ಬಾಲಿಕ್ ಟ್ಯಾಂಜೆಂಟ್‌ನ ವಿಲೋಮ ಕೊಡುವ ಫಂಕ್ಷನ್) ಕೊಟ್ಟೆ. ಉತ್ತರದ ಕಾಲ್ಪನಿಕ ಭಾಗ ಬೀಟಾ (ಮೀಟರ್‌ಗೆ ಅಲೆಯ ಫೇಸ್ ಎಷ್ಟು ರೇಡಿಯನ್ ಬದಲಾಗುತ್ತದೆ ಅನ್ನೋದು) ಗುಣಿಸು ಉದ್ದ ಆಗಬೇಕು. 4 ಮೆಗಾಹರ್ಟ್ಸ್‌ಗೆ 1.27 ಬಂತು, ಸರಿ ಇದೆ. 6ಕ್ಕೆ -1.24! 10ಕ್ಕೆ ಬರೀ 0.03. ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಗದಗ ರೇಡಿಯೋ:
ಲೈಬ್ರರಿ ಫಂಕ್ಷನ್ ಬಿಟ್ಟು ಲಾಗ್ ಸೂತ್ರದಿಂದ ಮಾಡಿ ನೋಡಿ. ನಿಮ್ಮ ವರ್ಗಮೂಲ ಝಡ್ ಅಂತಿಟ್ಟುಕೊಳ್ಳಿ: (1 ಕೂಡಿಸು ಝಡ್) ಭಾಗಿಸು (1 ಕಳೆ ಝಡ್), ಅದರ ಲಾಗ್‌ನ ಅರ್ಧ.

ಉಣಕಲ್ ಹುಡುಗ:
ಮಾಡಿದೆ ಸರ್. ಅದೇ ಉತ್ತರ.

ಸಾಧನಕೇರಿ:
ಅದೇ ಬರಬೇಕು ತಮ್ಮಾ, ನಿನ್ನ ಕೋಡ್ ತಪ್ಪಿಲ್ಲ. ಟ್ಯಾನ್‌ಎಚ್‌ಗೆ ಕಾಲ್ಪನಿಕ ದಿಕ್ಕಿನಲ್ಲಿ ಪ್ರತಿ ಪೈಗೂ ಅದೇ ಬೆಲೆ ಮತ್ತೆ ಬರುತ್ತದೆ. ಹಾಗಾಗಿ ಹಿಂದಕ್ಕೆ ಹೋಗುವಾಗ ಉತ್ತರಗಳು ಎಷ್ಟೋ ಇವೆ. ಕ್ಯಾಟಾನ್‌ಎಚ್ ಅದರಲ್ಲಿ ಒಂದನ್ನು ಮಾತ್ರ ಕೊಡುತ್ತದೆ: ಕಾಲ್ಪನಿಕ ಭಾಗ ಮೈನಸ್ ಅರ್ಧ ಪೈಯಿಂದ ಪ್ಲಸ್ ಅರ್ಧ ಪೈವರೆಗೆ, ಅಂದರೆ 1.57ರ ಒಳಗೆ.

ನಿನ್ನ ಕೇಬಲ್‌ನದ್ದೇ ಲೆಕ್ಕ ಹಾಕೋಣ. ಆರ್‌ಜಿ-58ರಲ್ಲಿ ಅಲೆಯ ವೇಗ ಬೆಳಕಿನ ವೇಗದ ಸುಮಾರು 0.66 ಪಟ್ಟು. 6 ಮೆಗಾಹರ್ಟ್ಸ್‌ಗೆ ತರಂಗಾಂತರ 33 ಮೀಟರ್. ಒಂದು ತರಂಗಾಂತರಕ್ಕೆ ಎರಡು ಪೈ ರೇಡಿಯನ್, ಹಾಗಾಗಿ 10 ಮೀಟರ್‌ಗೆ 1.90 ರೇಡಿಯನ್ ಆಯ್ತು. ಅದರಿಂದ 3.14 ಕಳೆ, -1.24. ನಿನಗೆ ಬಂದದ್ದು ಅದೇ ಅಲ್ವಾ? 10 ಮೆಗಾಹರ್ಟ್ಸ್‌ಗೆ 3.17 ಆಗಬೇಕು, 3.14 ಹೋದರೆ 0.03.

ಹೀಗೆ ಲೆಕ್ಕ ಹಾಕಿದ ಅಂದಾಜು ಬೆಲೆಯಿಂದ ಕ್ಯಾಟಾನ್‌ಎಚ್ ಕೊಟ್ಟ ಕಾಲ್ಪನಿಕ ಭಾಗ ಕಳೆದು, ಪೈಯಿಂದ ಭಾಗಿಸಿ, ರೌಂಡ್ ಮಾಡು. ಅಷ್ಟು ಪೈ ಕ್ಯಾಟಾನ್‌ಎಚ್‌ನ ಕಾಲ್ಪನಿಕ ಭಾಗಕ್ಕೆ ಕೂಡಿಸು. ನೈಜ ಭಾಗ ಮುಟ್ಟಬೇಡ, ಕೇಬಲ್‌ನ ನಷ್ಟ ಅದರಲ್ಲಿದೆ. ಕೇಬಲ್ ಉದ್ದ ಗೊತ್ತಿಲ್ಲದಿದ್ದರೆ ಕಡಿಮೆ ಫ್ರೀಕ್ವೆನ್ಸಿಯಿಂದ ಸಣ್ಣ ಸಣ್ಣ ಹೆಜ್ಜೆಯಲ್ಲಿ ಮೇಲೆ ಹೋಗು. ಉತ್ತರ ಧಡಕ್ಕನೆ ಕೆಳಗೆ ಬಿದ್ದಲ್ಲೆಲ್ಲ ಒಂದು ಪೈ ಸೇರಿಸು.

ಇನ್ನೊಂದು. 5 ಮೆಗಾಹರ್ಟ್ಸ್ ಹತ್ತಿರ ಈ ಕೇಬಲ್ ಕಾಲು ತರಂಗದಷ್ಟಾಗುತ್ತದೆ. ಆಗ ಓಪನ್ ಇಂಪಿಡೆನ್ಸ್ ತೀರಾ ಸಣ್ಣದು, ಶಾರ್ಟ್‌ನದ್ದು ತೀರಾ ದೊಡ್ಡದು. ಅಲ್ಲಿಯ ಅಳತೆ ಜಾಸ್ತಿ ನಂಬಬೇಡ.

ಉಣಕಲ್ ಹುಡುಗ:
ಬಂತು ಸರ್! 6ಕ್ಕೆ 1.90, 10ಕ್ಕೆ 3.17. ಗ್ರಾಫ್ ಈಗ ನೆಟ್ಟಗೆ ಗೆರೆ ಎಳೆದಂತಿದೆ. ಸಿ99 ಕಟ್ಟುನಿಟ್ಟು ಮೋಡ್‌ನಲ್ಲಿ ಎಂ-ಪೈ (ಪೈ ಬೆಲೆಗೆ ಇರುವ ಸಿದ್ಧ ಹೆಸರು, M_PI) ಸಿಗಲಿಲ್ಲ, ಮೈನಸ್ 1ರ ಎಕೋಸ್ (ವಿಲೋಮ ಕೊಸೈನ್, acos) ತೆಗೆದು ಪೈ ಮಾಡಿಕೊಂಡೆ. 5ರ ಹತ್ತಿರದ ಎರಡು ಬಿಂದು ಮಾತ್ರ ಇನ್ನೂ ಅಲುಗಾಡುತ್ತಿವೆ, ನಾಳೆ ಲ್ಯಾಬ್‌ನಲ್ಲಿ ಮತ್ತೆ ಅಳೆಯುತ್ತೇನೆ.